ಕಾಲಿಗೆ ಹಾಕಿದ ಸ್ಟೀಲ್ ಪ್ಲೇಟ್, ಬಿಡದ ತುರಿಕೆ, ನಿಕ್ಕಲ್ ಅಲರ್ಜಿ: ಹಾಸನದಿಂದ ನನ್ನ ಅನುಭವ

ಕಾಲಿನಿಂದ ಪ್ಲೇಟ್ ತೆಗೆಸಿ, ಹೊಲಿಗೆಯನ್ನೂ ಬಿಚ್ಚಿಸಿಕೊಂಡು ಬಂದಿದ್ದೇನೆ. ಗಾಯ ಒಣಗಿದೆ. ವರ್ಷಕ್ಕಿಂತ ಜಾಸ್ತಿ ಕಾಡಿದ ತುರಿಕೆ ನಿಂತಿದೆ. ಈ ಗೋಳಿನ ಮಧ್ಯೆ ನಾನು ಎಷ್ಟು ಹುಡುಕಿದರೂ, ಇದನ್ನು ಅನುಭವಿಸಿದವರು ಕನ್ನಡದಲ್ಲಿ ಬರೆದದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಅದಕ್ಕೇ ಮರೆಯುವ ಮುಂಚೆ ಬರೆಯುತ್ತಿದ್ದೇನೆ. ಮೂಳೆ ಮುರಿದು ಪ್ಲೇಟ್, ರಾಡ್ ಹಾಕಿಸಿಕೊಂಡವರು, ಮಂಡಿ ಬದಲಿಸಿಕೊಳ್ಳೋಕೆ ಹೊರಟವರು ಓದಲಿ ಅಂತ. ನಾನು ಡಾಕ್ಟರ್ ಅಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಇಲ್ಲಿ ಬರೆದದ್ದೆಲ್ಲ ಡಾಕ್ಟರುಗಳನ್ನು ಬಿಡದೆ ಕೇಳಿ, ಓದಿ ತಿಳಿದುಕೊಂಡದ್ದು.

ಬಿದ್ದದ್ದು ಒಂದು ಜುಲೈ ತಿಂಗಳಲ್ಲಿ. ಸ್ಕೂಲ್ ಮುಗಿಸಿ ಆಲೂರು ಕಡೆಯಿಂದ ಹಾಸನಕ್ಕೆ ಸ್ಕೂಟರಿನಲ್ಲಿ ಬರುತ್ತಿದ್ದೆ. ಜಡಿಮಳೆ, ರಸ್ತೆ ತುಂಬ ಟ್ರ್ಯಾಕ್ಟರ್ ಚಕ್ರದ ಕೆಸರು. ಗಾಡಿ ಜಾರಿ ಬಲಗಾಲಿನ ಮೇಲೆ ಬಿತ್ತು. ಪಾದದ ಮೇಲೆ, ಹೊರಮಗ್ಗುಲಲ್ಲಿ ಗುಂಡಗೆ ಉಬ್ಬಿರುತ್ತಲ್ಲ, ಆ ಮೂಳೆ ಮುರಿದಿತ್ತು. ಫಿಬುಲಾ ಅಂತಾರೆ. ಆಪರೇಷನ್ ಯಾಕೆ, ಪುತ್ತೂರು ಕಟ್ಟು ಹಾಕಿಸಿ ಅಂದವರೂ ಇದ್ದರು. ಆದರೆ ಎಕ್ಸ್‌ರೇಯಲ್ಲಿ ಮೂಳೆ ಜಾಗ ಬಿಟ್ಟು ಸರಿದಿತ್ತು. ಅದನ್ನು ಸರಿಯಾಗಿ ಕೂರಿಸದಿದ್ದರೆ ಮುಂದೆ ಕೀಲು ಸವೆಯುತ್ತೆ ಅಂತ ಡಾಕ್ಟರ್ ಹೇಳಿದರು. ಒಪ್ಪಿಕೊಂಡೆವು.

ಆಪರೇಷನ್‌ಗೆ ಮುಂಚೆ ನರ್ಸ್ ಬಂದು ಒಂದು ಫಾರ್ಮ್ ತುಂಬಿಸಿದರು. ಬಿಪಿ ಇದೆಯಾ, ಶುಗರ್ ಇದೆಯಾ, ಯಾವುದಾದರೂ ಔಷಧಿಗೆ ಅಲರ್ಜಿ ಇದೆಯಾ? ಔಷಧಿಗೆ ನನಗೆ ಅಲರ್ಜಿ ಇಲ್ಲ, ಇಲ್ಲ ಅಂದೆ. ಓಲೆ, ವಾಚು, ಪ್ಯಾಂಟಿನ ಗುಂಡಿ ತಾಗಿದ ಕಡೆ ಚರ್ಮ ಕೆರಳುತ್ತಾ ಅನ್ನೋ ಪ್ರಶ್ನೆ ಆ ಫಾರ್ಮಿನಲ್ಲಿ ಇರಲಿಲ್ಲ. ಮೈಯೊಳಗೆ ಲೋಹ ಇಡುವ ಆಪರೇಷನ್‌ಗೆ ಈ ಒಂದು ಸಾಲು ಎಲ್ಲ ಆಸ್ಪತ್ರೆಯ ಫಾರ್ಮಿನಲ್ಲೂ ಇರಲೇಬೇಕು ಅಂತ ನಾನು ಈಗ ಗಟ್ಟಿಯಾಗಿ ಹೇಳುತ್ತೇನೆ.

ಬಿಲ್ಲಿಂಗ್ ಕೌಂಟರಿನಲ್ಲಿ ನಮ್ಮನೆಯವರನ್ನು ಕೇಳಿದ್ದು ಒಂದೇ ಮಾತು: "ಸ್ಟೀಲ್ ಹಾಕೋದಾ, ಟೈಟಾನಿಯಂ ಹಾಕೋದಾ ಸಾರ್?" ಎರಡಕ್ಕೂ ಹತ್ತು ಸಾವಿರದ ಆಸುಪಾಸು ವ್ಯತ್ಯಾಸ. ಮೂಳೆ ಹಿಡಿದಿಡೋಕೆ ಎರಡೂ ಒಂದೇ ಅಂದರು. ಆ ಮಾತೇನೋ ನಿಜ. ಬೇರೆ ವಿಷಯ ಯಾರೂ ಹೇಳಲಿಲ್ಲ. ಸ್ಟೀಲ್ ಪ್ಲೇಟ್ ಹಾಕಿದರು.

ಇಲ್ಲಿ ಒಂದು ಕೆಲಸದ ಮಾತು. ಪ್ರತಿ ಪ್ಲೇಟ್, ಸ್ಕ್ರೂ ಪ್ಯಾಕೆಟ್ಟಿನ ಜೊತೆ ಒಂದು ಸ್ಟಿಕ್ಕರ್ ಬರುತ್ತದೆ. ಅದರಲ್ಲಿ ಯಾವ ಲೋಹ, ಯಾವ ಅಳತೆ, ಯಾವ ಲಾಟ್ ಅಂತ ಇರುತ್ತದೆ. ಒಂದನ್ನು ಕೇಸ್ ಶೀಟಿಗೆ ಅಂಟಿಸುತ್ತಾರೆ. ಇನ್ನೊಂದನ್ನು ನಿಮ್ಮ ಡಿಸ್ಚಾರ್ಜ್ ಸಮ್ಮರಿಗೆ ಅಂಟಿಸಿಕೊಡಿ ಅಂತ ಅಲ್ಲೇ ಕೇಳಿ. ಆಮೇಲೆ ಕೇಳಿದರೆ ರೆಕಾರ್ಡ್ ರೂಮಿಗೆ ಅರ್ಜಿ ಕೊಡಬೇಕು, ಕಾಯಬೇಕು, ಮತ್ತೆ ಮತ್ತೆ ನೆನಪಿಸಬೇಕು. ನನ್ನದು ಹಾಗೇ ಆಯಿತು. ಕೊನೆಗೆ ಸಿಕ್ಕಿದ ಜೆರಾಕ್ಸ್‌ನಲ್ಲಿ 316ಎಲ್ ಅಂತ ಇತ್ತು. ಅದು ಒಂದು ಬಗೆಯ ಸ್ಟೀಲಿನ ಹೆಸರು. ಆ ನಾಲ್ಕು ಅಕ್ಷರ ಮುಂದೆ ಬಹಳ ಕೆಲಸಕ್ಕೆ ಬಂತು.

ಮೊದಲ ಕೆಲವು ತಿಂಗಳು ಎಲ್ಲ ಸರಿಯಾಗೇ ಇತ್ತು. ವಾಕರ್ ಹಿಡಿದೆ, ಆಮೇಲೆ ಬಿಟ್ಟೆ. ಮೂಳೆ ಕೂಡಿಕೊಂಡಿದೆ ಅಂತ ಎಕ್ಸ್‌ರೇ ತೋರಿಸಿತು. ಹಾಸನಾಂಬೆ ದೇವಸ್ಥಾನದ ಬಾಗಿಲು ತೆರೆದಾಗ ಸರತಿಯಲ್ಲಿ ನಿಂತೂ ಬಂದೆ. ಬೇಸಿಗೆ ಶುರುವಾಗುವ ಹೊತ್ತಿಗೆ ತುರಿಕೆ ಶುರುವಾಯಿತು.

ಮೊದಲು ಸಾಕ್ಸ್‌ನಿಂದ ಇರಬಹುದು ಅಂದುಕೊಂಡೆ. ಆಮೇಲೆ ಚರ್ಮ ಕೆಂಪಾಯಿತು. ಹೊಲಿಗೆಯ ಗೆರೆಯ ಎರಡೂ ಕಡೆ, ಪ್ಲೇಟ್ ಎಷ್ಟು ಉದ್ದ ಇದೆಯೋ ಅಷ್ಟೇ ಉದ್ದಕ್ಕೆ. ಸಾಸಿವೆಗಿಂತ ಚಿಕ್ಕ ನೀರುಗುಳ್ಳೆಗಳು ಎದ್ದವು. ಒಡೆದು ತೆಳ್ಳಗೆ ನೀರು ಜಿನುಗುತ್ತಿತ್ತು. ಒಣಗಿ ಸಿಪ್ಪೆ ಏಳುತ್ತಿತ್ತು. ಮತ್ತೆ ಏಳುತ್ತಿತ್ತು. ರಾತ್ರಿ ಹೊತ್ತು ಜಾಸ್ತಿ. ನಿದ್ದೆಯಲ್ಲಿ ಇನ್ನೊಂದು ಕಾಲಿನ ಹಿಮ್ಮಡಿಯಿಂದ ಉಜ್ಜಿಕೊಂಡು ರಕ್ತ ಬರಿಸಿಕೊಂಡು ಏಳುತ್ತಿದ್ದೆ. ಅತ್ತೆ ಪಾಪ, ನನ್ನ ಕಾಲು ನೋಡಿ ಮರುಗಿ, "ಬದನೆಕಾಯಿ ನಂಜು ಕಣವ್ವ, ಸ್ವಲ್ಪ ದಿನ ಬಿಡು" ಅಂದರು. ಬದನೆಕಾಯಿ ಬಿಟ್ಟೆ, ಕುಂಬಳಕಾಯಿ ಬಿಟ್ಟೆ, ಒಣಮೀನು ಬಿಟ್ಟೆ. ಏನೂ ವ್ಯತ್ಯಾಸ ಆಗಲಿಲ್ಲ.

ಆಮೇಲಿನ ತಿಂಗಳುಗಳನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ, ಯಾಕೆಂದರೆ ಅದರಲ್ಲಿ ಸುತ್ತಾಟ ಬಿಟ್ಟರೆ ಬೇರೇನಿಲ್ಲ. ಒಬ್ಬರು ಫಂಗಸ್ ಅಂದು ಮುಲಾಮು ಕೊಟ್ಟರು. ಇನ್ನೊಬ್ಬರು ಇನ್‌ಫೆಕ್ಷನ್ ಅಂದು ಆಂಟಿಬಯೋಟಿಕ್ ಕೊಟ್ಟರು. ಸ್ಟಿರಾಯ್ಡ್ ಮುಲಾಮು ಹಚ್ಚಿದಾಗ ಪೂರ್ತಿ ಇಳಿಯುತ್ತಿತ್ತು, ನಿಲ್ಲಿಸಿದ ವಾರದೊಳಗೆ ಮತ್ತೆ ಬರುತ್ತಿತ್ತು. ಆಪರೇಷನ್ ಮಾಡಿದ ಕಡೆ ಕೇಳಿದರೆ, ಎಕ್ಸ್‌ರೇ ಚೆನ್ನಾಗಿದೆ, ಸ್ಕ್ರೂ ಸಡಿಲ ಆಗಿಲ್ಲ, ಚರ್ಮದ ಡಾಕ್ಟರಿಗೆ ತೋರಿಸಿ ಅಂದರು. ಚರ್ಮದವರಿಗೆ ತೋರಿಸಿದರೆ, ಒಳಗೆ ಪ್ಲೇಟ್ ಇದೆ, ಮೂಳೆ ಡಾಕ್ಟರಿಗೆ ತೋರಿಸಿ ಅಂದರು. ಇಬ್ಬರ ನಡುವೆ ನಾನು. ಅಳು ಬಂದ ದಿನಗಳೂ ಇದ್ದವು. ಎಲ್ಲಿ ಕೀವು ಆಗಿ ಕಾಲೇ ಹೋಗುತ್ತೋ ಅನ್ನೋ ಭಯ ಒಂದು ಕಡೆ, ಬರಿ ತುರಿಕೆಗೆ ಇಷ್ಟು ರಜಾ ಹಾಕ್ತಾರಾ ಅನ್ನೋ ಸ್ಟಾಫ್ ರೂಮಿನ ಮಾತು ಇನ್ನೊಂದು ಕಡೆ.

ದಾರಿ ತೋರಿಸಿದ್ದು ಹಾಸನದಲ್ಲೇ ಇರುವ ಇನ್ನೊಬ್ಬ ಚರ್ಮದ ಡಾಕ್ಟರ್. ಅವರು ನನ್ನ ಕಾಲು ನೋಡುವ ಮುಂಚೆ ಕಿವಿ ನೋಡಿದರು. "ಮೇಡಂ, ಬಂಗಾರದ್ದು ಬಿಟ್ಟು ಬೇರೆ ಓಲೆ ಹಾಕಿದ್ರೆ ಏನಾಗುತ್ತೆ?" ಅಂದರು. ಕಿವಿ ಸೋರುತ್ತೆ ಅಂದೆ. ಒನ್ ಗ್ರಾಂ ಗೋಲ್ಡ್ ಓಲೆ, ಜಾತ್ರೆಯ ಜುಮುಕಿ ಯಾವುದೂ ಚಿಕ್ಕಂದಿನಿಂದ ನನಗೆ ಆಗಿಬರುವುದಿಲ್ಲ. ಸೀರೆಗೆ ಹಾಕುವ ಪಿನ್ನು ಮೈಗೆ ತಾಗಿದರೂ ಗಂದೆ ಏಳುತ್ತದೆ. ನಮ್ಮ ಕಡೆ ಎಷ್ಟೋ ಹೆಂಗಸರಿಗೆ ಹೀಗಾಗುತ್ತೆ ಅಲ್ವಾ? ಅದನ್ನು ಯಾರೂ ಕಾಯಿಲೆ ಅಂದುಕೊಳ್ಳುವುದಿಲ್ಲ. ಅದು ಹೆಚ್ಚಾಗಿ ನಿಕ್ಕಲ್ ಅಲರ್ಜಿ. ಅಗ್ಗದ ಆಭರಣಕ್ಕೆ ಬಣ್ಣ ಕೊಡುವ ಮುಂಚೆ ನಿಕ್ಕಲ್ ಲೇಪ ಕೊಡುತ್ತಾರೆ. ಚುಚ್ಚಿದ ಹಸಿ ಕಿವಿಯಲ್ಲಿ ಅದು ನೇರವಾಗಿ ಒಳಗಿನ ಕೋಶಗಳಿಗೆ ತಾಗುತ್ತದೆ. ಯುರೋಪಿನವರು 1994ರಲ್ಲೇ ಓಲೆ, ವಾಚುಗಳಲ್ಲಿ ನಿಕ್ಕಲ್‌ಗೆ ಮಿತಿ ಹಾಕುವ ನಿಯಮ ತಂದಿದ್ದಾರೆ.

316ಎಲ್ ಸ್ಟೀಲಿನಲ್ಲಿ ಎಷ್ಟು ನಿಕ್ಕಲ್ ಇರುತ್ತೆ ಅಂತ ಅವರೇ ಹೇಳಿದರು. ಮೈಯೊಳಗೆ ಹಾಕುವ ದರ್ಜೆಯದ್ದರಲ್ಲಿ ನೂರಕ್ಕೆ 13ರಿಂದ 15 ಪಾಲು. ಕ್ರೋಮಿಯಂ 17ರಿಂದ 19. ಸ್ವಲ್ಪ ಮಾಲಿಬ್ಡಿನಂ. ಉಳಿದದ್ದು ಹೆಚ್ಚಾಗಿ ಕಬ್ಬಿಣ. ನನಗೆ ಗಾಬರಿಯಾಯಿತು. ಅವರು ತಕ್ಷಣ ತಡೆದರು. "ಈಗಲೇ ಅಲರ್ಜಿ ಅಂತ ತೀರ್ಮಾನ ಮಾಡ್ಬೇಡಿ. ಮೊದಲು ಇನ್‌ಫೆಕ್ಷನ್ ಇಲ್ಲ ಅಂತ ಗೊತ್ತಾಗ್ಬೇಕು" ಅಂದರು.

ಇದು ನನ್ನ ಇಡೀ ಅನುಭವದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು. ಪ್ಲೇಟಿನ ಸುತ್ತ ಬ್ಯಾಕ್ಟೀರಿಯಾ ಸೇರಿಕೊಂಡರೂ ಚರ್ಮ ಕೆಂಪಾಗುತ್ತೆ, ನೀರು ಜಿನುಗುತ್ತೆ. ಕೆಲವು ಬ್ಯಾಕ್ಟೀರಿಯಾ ಲೋಹದ ಮೇಲೆ ಪೊರೆ ಕಟ್ಟಿಕೊಂಡು ಜ್ವರವೂ ಇಲ್ಲದೆ, ಕೀವೂ ಇಲ್ಲದೆ ತಿಂಗಳುಗಟ್ಟಲೆ ಅಡಗಿ ಕೂರುತ್ತವೆ. ಅದನ್ನು ಅಲರ್ಜಿ ಅಂತ ತಿಳಿದು ಸ್ಟಿರಾಯ್ಡ್ ನುಂಗಿದರೆ ದೊಡ್ಡ ಅನಾಹುತ. ಮೈಯಲ್ಲಿ ಉರಿಯೂತ ಇದೆಯಾ ಅಂತ ತೋರಿಸುವ ಇಎಸ್‌ಆರ್, ಸಿಆರ್‌ಪಿ ರಕ್ತ ಪರೀಕ್ಷೆ ಮಾಡಿಸಿದೆ. ಎರಡೂ ಮಾಮೂಲಾಗಿ ಬಂದವು. ಪ್ಲೇಟಿನ ಪಕ್ಕ ಸ್ವಲ್ಪ ನೀರು ತುಂಬಿದ್ದು ಸ್ಕ್ಯಾನಿಂಗ್‌ನಲ್ಲಿ ಕಂಡಿತ್ತು. ಸೂಜಿ ಹಾಕಿ ತೆಗೆದು ಕಲ್ಚರ್‌ಗೆ, ಅಂದರೆ ಬ್ಯಾಕ್ಟೀರಿಯಾ ಬೆಳೆಯುತ್ತಾ ಅಂತ ಲ್ಯಾಬಿನಲ್ಲಿ ಇಟ್ಟು ನೋಡುವ ಪರೀಕ್ಷೆಗೆ, ಕಳಿಸಿದರು. ಇದಕ್ಕೆ ಮುಂಚೆ ಎರಡು ವಾರ ಯಾವ ಆಂಟಿಬಯೋಟಿಕ್ಕೂ ತೆಗೆದುಕೊಳ್ಳಬಾರದು, ಇಲ್ಲದಿದ್ದರೆ ಬ್ಯಾಕ್ಟೀರಿಯಾ ಇದ್ದರೂ ಕಲ್ಚರ್‌ನಲ್ಲಿ ಬೆಳೆಯದೆ ಹೋಗಬಹುದು. ಕಲ್ಚರನ್ನು 14 ದಿನ ಇಡಿ ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ಮಾಮೂಲಿ ಕಲ್ಚರನ್ನು ಕೆಲವೇ ದಿನದಲ್ಲಿ ಮುಗಿಸಿಬಿಡುತ್ತಾರೆ. ನಿಧಾನಕ್ಕೆ ಬೆಳೆಯುವ ಬ್ಯಾಕ್ಟೀರಿಯಾ ಅಷ್ಟರಲ್ಲಿ ಕಾಣಿಸುವುದಿಲ್ಲ. ನನ್ನದರಲ್ಲಿ ಏನೂ ಬೆಳೆಯಲಿಲ್ಲ.

ಆಮೇಲೆ ಪ್ಯಾಚ್ ಟೆಸ್ಟ್. ಇದರ ಬಗ್ಗೆ ವಿವರವಾಗಿ ಹೇಳಬೇಕು, ಯಾಕೆಂದರೆ ಸೂಜಿ ಚುಚ್ಚುವ ಅಲರ್ಜಿ ಟೆಸ್ಟೇ ಇದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಲ್ಲ. ಅದು ಧೂಳು, ಪರಾಗದಂಥವಕ್ಕೆ. ಇದರಲ್ಲಿ ಸೂಜಿಯೇ ಇಲ್ಲ. ಬೆನ್ನಿನ ಮೇಲೆ ಅಂಟುಪಟ್ಟಿ ಹಾಕುತ್ತಾರೆ. ಅದರಲ್ಲಿ ಸಾಲಾಗಿ ಪುಟ್ಟ ಅಲ್ಯೂಮಿನಿಯಂ ಬಟ್ಟಲುಗಳು ಇರುತ್ತವೆ. ಒಂದೊಂದರಲ್ಲೂ ಒಂದೊಂದು ವಸ್ತುವನ್ನು ವ್ಯಾಸಲೀನಿನಲ್ಲಿ ಕಲಸಿ ಇಟ್ಟಿರುತ್ತಾರೆ. ನಿಕ್ಕಲ್ ಸಲ್ಫೇಟ್ 5 ಪರ್ಸೆಂಟ್, ಕೋಬಾಲ್ಟ್ ಕ್ಲೋರೈಡ್, ಕ್ರೋಮಿಯಂಗೆ ಪೊಟ್ಯಾಸಿಯಂ ಡೈಕ್ರೋಮೇಟ್, ಜೊತೆಗೆ ಸುಗಂಧ, ರಬ್ಬರ್ ರಾಸಾಯನಿಕಗಳು. ಗಾರೆ ಕೆಲಸದವರ ಕೈಯಲ್ಲಿ ಸಿಮೆಂಟಿನಿಂದ ಕಜ್ಜಿ ಏಳುತ್ತಲ್ಲ, ಅದಕ್ಕೆ ಕಾರಣ ಆ ಕ್ರೋಮೇಟ್.

ಪಟ್ಟಿ 48 ಗಂಟೆ ಬೆನ್ನಿನ ಮೇಲೇ ಇರಬೇಕು. ಬೆನ್ನಿಗೆ ನೀರು ತಾಗಬಾರದು, ಬೆವರಬಾರದು, ಬಗ್ಗಿ ಎದ್ದು ಮಾಡುವ ಕೆಲಸ ಬೇಡ. ಬೇಸಿಗೆಯಲ್ಲಿ ಮಾಡಿಸಲೇಬೇಡಿ. ನಾನು ಡಿಸೆಂಬರ್ ಚಳಿಯವರೆಗೆ ಕಾದು ಮಾಡಿಸಿದೆ. ಹಳೇ ಸಡಿಲ ನೈಟಿ ಹಾಕಿಕೊಂಡು, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡು, ಬೋರಲು ಮಲಗಿ ಕಳೆದೆ. ಅದಕ್ಕೆ ಮುಂಚಿನ ವಾರಗಳಲ್ಲಿ ಸ್ಟಿರಾಯ್ಡ್ ಮಾತ್ರೆ ನಿಲ್ಲಿಸಿರಬೇಕು, ಬೆನ್ನಿಗೆ ಸ್ಟಿರಾಯ್ಡ್ ಮುಲಾಮು ಹಚ್ಚಿರಬಾರದು. ಯಾವ ಮಾತ್ರೆಯನ್ನೂ ನೀವಾಗೇ ನಿಲ್ಲಿಸಬೇಡಿ, ಕೇಳಿ ನಿಲ್ಲಿಸಿ. ಪಟ್ಟಿ ತೆಗೆದ ಮೇಲೂ ಮುಗಿಯಲಿಲ್ಲ. ಪೆನ್ನಿನಿಂದ ಗುರುತು ಹಾಕಿ ಕಳಿಸಿ, ಮತ್ತೆರಡು ದಿನ ಬಿಟ್ಟು ಕರೆದು ನೋಡುತ್ತಾರೆ. ಈ ಎರಡನೇ ಓದೇ ಮುಖ್ಯ. ನಮ್ಮನೆಯವರು ಮೊಬೈಲಿನಲ್ಲಿ ಫೋಟೋ ತೆಗೆದು ತೋರಿಸಿದರು. ಬೆನ್ನೆಲ್ಲ ಚೊಕ್ಕಟ, ಒಂದು ಜಾಗ ಬಿಟ್ಟು. ಅಲ್ಲಿ ಕೆಂಪಗೆ ಉಬ್ಬಿ, ಮೇಲೆ ಸಣ್ಣ ನೀರುಗುಳ್ಳೆ. ಕಾಲಿನ ಮೇಲೆ ಏಳುತ್ತಿದ್ದಂಥದ್ದೇ. ನಿಕ್ಕಲ್, ಎರಡು ಪ್ಲಸ್, ಅಂದರೆ ಜೋರು ಅಲರ್ಜಿ. ಕೋಬಾಲ್ಟ್, ಕ್ರೋಮಿಯಂ ನೆಗೆಟಿವ್. ಖರ್ಚು ಮೂರು ಸಾವಿರ ಚಿಲ್ಲರೆ. ಅದನ್ನು ನೋಡಿ ನನಗೆ ದುಃಖಕ್ಕಿಂತ ಸಮಾಧಾನವೇ ಜಾಸ್ತಿ ಆಯಿತು. ಇಷ್ಟು ದಿನ ಹೇಳಿದ್ದಕ್ಕೆ ಒಂದು ಸಾಕ್ಷಿ ಸಿಕ್ಕಿತಲ್ಲ.

ಒಳಗೆ ಏನು ನಡೆಯುತ್ತಿದೆ ಅಂತ ಆ ಡಾಕ್ಟರ್ ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ವಿವರಿಸಿದರು. ಲೋಹ ಮೈಯೊಳಗೆ ಹೋದ ಕೆಲವೇ ಸೆಕೆಂಡಿನಲ್ಲಿ ರಕ್ತದ ಪ್ರೋಟೀನುಗಳು ಅದರ ಮೇಲೆ ಕೂತುಬಿಡುತ್ತವೆ. ಅಲ್ಬುಮಿನ್, ಫೈಬ್ರಿನೋಜೆನ್, ಫೈಬ್ರೊನೆಕ್ಟಿನ್. ಆಮೇಲೆ ಬರುವ ಕೋಶಗಳು ಮುಟ್ಟಿ ನೋಡುವುದು ಈ ಪ್ರೋಟೀನ್ ಪದರವನ್ನೇ. ಮೊದಲು ಕಾವಲಿನ ಬಿಳಿ ರಕ್ತಕಣಗಳು ಬರುತ್ತವೆ. ಅವುಗಳಲ್ಲಿ ಮ್ಯಾಕ್ರೋಫೇಜ್ ಅನ್ನುವವು ಹೊರಗಿನಿಂದ ಬಂದದ್ದನ್ನು ನುಂಗಿ ಕರಗಿಸುವ ಕೋಶಗಳು. ಪ್ಲೇಟನ್ನು ನುಂಗೋಕೆ ಆಗುವುದಿಲ್ಲ. ಹಾಗಾಗಿ ಕೆಲವು ಒಂದಕ್ಕೊಂದು ಕೂಡಿಕೊಂಡು ದೊಡ್ಡ ಕೋಶಗಳಾಗಿ ಲೋಹಕ್ಕೆ ಅಂಟಿ ಕೂರುತ್ತವೆ. ಸುತ್ತ ನಾರಿನ ಪೊರೆ ಬೆಳೆಯುತ್ತದೆ. ಇಷ್ಟು ಎಲ್ಲರಲ್ಲೂ ನಡೆಯುವಂಥದ್ದೇ, ಕಾಯಿಲೆ ಅಲ್ಲ.

ಟೈಟಾನಿಯಂ ಆದರೆ ಕಥೆ ಬೇರೆ. ಅದರ ಮೇಲೆ ಮೂಳೆ ಕಟ್ಟುವ ಕೋಶಗಳು ಸಲೀಸಾಗಿ ಅಂಟಿಕೊಂಡು ಅಲ್ಲೇ ಮೂಳೆ ಬೆಳೆಸುತ್ತವೆ. ಇದನ್ನು ಕಂಡುಕೊಂಡವರು ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೊನೆಮಾರ್ಕ್. 1952ರಲ್ಲಿ ಮೊಲದ ಮೂಳೆಯೊಳಗೆ ರಕ್ತದ ಓಟ ನೋಡೋಕೆ ಟೈಟಾನಿಯಂ ಕೊಳವೆ ಇಟ್ಟಿದ್ದರು. ಕೆಲಸ ಮುಗಿದ ಮೇಲೆ ತೆಗೆಯೋಕೆ ಹೋದರೆ ಬರಲೇ ಇಲ್ಲ, ಮೂಳೆ ಅದಕ್ಕೆ ಬೆಸೆದುಕೊಂಡಿತ್ತು. ಇವತ್ತು ಹಲ್ಲಿನ ಇಂಪ್ಲಾಂಟ್ ನಿಂತಿರುವುದೇ ಅದರ ಮೇಲೆ.

ನನ್ನ ಸ್ಟೀಲಿಗೆ ಬರೋಣ. ಸ್ಟೀಲಿನ ಮೇಲೆ ಕ್ರೋಮಿಯಂ ಆಕ್ಸೈಡಿನ ಪದರ ಇರುತ್ತದೆ, ಕೆಲವೇ ನ್ಯಾನೋಮೀಟರ್ ದಪ್ಪ. ಒಂದು ಮಿಲಿಮೀಟರಿನಲ್ಲಿ 10 ಲಕ್ಷ ನ್ಯಾನೋಮೀಟರ್ ಅಂದರೆ ಎಷ್ಟು ತೆಳುವು ನೋಡಿ. ಗೀಚಿದರೂ ಆಕ್ಸಿಜನ್ ಸಿಕ್ಕ ತಕ್ಷಣ ಮತ್ತೆ ಕಟ್ಟಿಕೊಳ್ಳುತ್ತದೆ. ತೊಂದರೆ ಇರುವುದು ಸ್ಕ್ರೂ ತಲೆ ಪ್ಲೇಟಿಗೆ ಕೂರುವ ಸಂದಿಯಲ್ಲಿ. ನಡೆದಾಗೆಲ್ಲ ಅಲ್ಲಿ ಕಾಣದಷ್ಟು ಉಜ್ಜಾಟ. ಮೈಯ ನೀರು ಉಪ್ಪುನೀರೇ ತಾನೆ? ಸಂದಿಯೊಳಗೆ ಅದು ನಿಂತಿರುತ್ತದೆ, ಆಕ್ಸಿಜನ್ ಸಾಲುವುದಿಲ್ಲ, ಪದರ ಮತ್ತೆ ಕಟ್ಟುವುದಿಲ್ಲ. ಅಡುಗೆಮನೆಯ ಸ್ಟೀಲ್ ಪಾತ್ರೆಯಲ್ಲೂ ಹಿಡಿ ಕೂಡಿಸಿದ ರಿವೆಟ್ಟಿನ ಹತ್ತಿರವೇ ಮೊದಲು ಕಲೆ ಕಟ್ಟುತ್ತಲ್ಲ, ಹಾಗೆ. ಅಲ್ಲಿಂದ ಕಬ್ಬಿಣ, ಕ್ರೋಮಿಯಂ, ನಿಕ್ಕಲ್ ಅಯಾನುಗಳಾಗಿ, ಅಂದರೆ ವಿದ್ಯುದಂಶ ಹೊತ್ತ ಪುಟ್ಟ ಕಣಗಳಾಗಿ, ಹೊರಗೆ ಬರುತ್ತವೆ. ಸುತ್ತ ಉರಿಯೂತ ಇದ್ದರೆ ಬಿಳಿ ರಕ್ತಕಣಗಳು ಬಿಡುವ ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಸವೆತ ಇನ್ನೂ ಜಾಸ್ತಿ ಆಗುತ್ತದೆ.

ನಿಕ್ಕಲ್ ಅಯಾನು ಒಂದೇ ಇದ್ದರೆ ನಮ್ಮ ಟಿ ಕೋಶಗಳು (ಹೊರಗಿನದನ್ನು ಗುರುತಿಸುವ ಒಂದು ಬಗೆಯ ಬಿಳಿ ರಕ್ತಕಣಗಳು) ಗುರುತಿಸಲಾರವು, ಅದು ಅಷ್ಟು ಚಿಕ್ಕದು. ಆದರೆ ಅದು ನಮ್ಮದೇ ಪ್ರೋಟೀನಿಗೆ ಹೋಗಿ ಅಂಟಿಕೊಳ್ಳುತ್ತದೆ. ಆಗ ಆ ಪ್ರೋಟೀನಿನ ರೂಪ ಬದಲಾಗಿ, ಟಿ ಕೋಶಗಳಿಗೆ ಅದು ಹೊರಗಿನವರ ಥರ ಕಾಣುತ್ತದೆ. ಒಮ್ಮೆ ಹಾಗೆ ಗುರುತಿಸಿದ ಕೋಶಗಳು ನೆನಪಿಟ್ಟುಕೊಳ್ಳುತ್ತವೆ, ಎಷ್ಟೋ ಸಲ ಜೀವಮಾನವಿಡೀ. ನನ್ನ ಮೈಗೆ ಆ ನೆನಪು ಬಾಲ್ಯದ ಓಲೆಯಿಂದಲೇ ಬಂದಿರಬೇಕು ಅಂತ ಡಾಕ್ಟರ್ ಹೇಳಿದರು. ಈ ಥರದ ಅಲರ್ಜಿ ತಕ್ಷಣ ಏಳುವುದಿಲ್ಲ. ಒಂದೆರಡು ದಿನ ತೆಗೆದುಕೊಳ್ಳುತ್ತೆ. ಪ್ಯಾಚ್ ಟೆಸ್ಟಿಗೆ ಅಷ್ಟು ಕಾಯಿಸುವುದು ಅದಕ್ಕೇ. ನಿಕ್ಕಲ್‌ಗೆ ಇನ್ನೊಂದು ಗುಣವೂ ಇದೆ. ಮನುಷ್ಯರ ಕೋಶಗಳ ಮೇಲಿರುವ ಟಿಎಲ್‌ಆರ್4 ಅನ್ನೋ ಪ್ರೋಟೀನಿಗೆ ಅದು ನೇರವಾಗಿ ಅಂಟಿ ಉರಿಯೂತ ಎಬ್ಬಿಸುತ್ತದೆ ಅಂತ 2010ರಲ್ಲಿ ಗೊತ್ತಾಯಿತು. ಬ್ಯಾಕ್ಟೀರಿಯಾ ಬಂದಿದೆ ಅಂತ ಎಚ್ಚರಿಸುವ ಪ್ರೋಟೀನ್ ಅದು. ಇಲಿಯ ಟಿಎಲ್‌ಆರ್4ನಲ್ಲಿ ನಿಕ್ಕಲ್ ಅಂಟುವ ಆ ಜಾಗವೇ ಇಲ್ಲ. ಮರುದಿನ ಹತ್ತನೇ ಕ್ಲಾಸಿನ ಮಕ್ಕಳಿಗೆ ಇದನ್ನು ಹೇಳಿದೆ, ತುಂಬ ಹೊತ್ತು ಪ್ರಶ್ನೆ ಕೇಳಿದರು.

ಇಷ್ಟೆಲ್ಲ ಆದರೂ ಪ್ಲೇಟೇ ಕಾರಣ ಅಂತ ನೂರಕ್ಕೆ ನೂರು ಹೇಳೋಕೆ ಆಗಲ್ಲ ಅಂತ ಅವರು ಪದೇ ಪದೇ ಹೇಳಿದರು. ನಿಕ್ಕಲ್ ಅಲರ್ಜಿ ಇರುವ ಬಹಳಷ್ಟು ಜನ ಸ್ಟೀಲ್ ಪ್ಲೇಟ್ ಇಟ್ಟುಕೊಂಡು ಆರಾಮಾಗಿದ್ದಾರೆ. ಚರ್ಮದಲ್ಲಿರುವ ಕೋಶಗಳು ಬೇರೆ, ಮೂಳೆಯ ಪಕ್ಕ ಇರುವ ಕೋಶಗಳು ಬೇರೆ. ಓಲೆ ಆಗಲ್ಲ ಅಂದ ಮಾತ್ರಕ್ಕೆ ನೋವಿಲ್ಲದ ಪ್ಲೇಟನ್ನು ತೆಗೆಸೋಕೆ ಯಾರೂ ಓಡಬೇಡಿ.

ಎರಡನೇ ಅಭಿಪ್ರಾಯಕ್ಕೆ ಬೆಂಗಳೂರಿಗೆ ಹೋದೆವು. ಬೆಳಗಿನ ಜಾವದ ಬಸ್ಸು, ಚನ್ನರಾಯಪಟ್ಟಣ, ಕುಣಿಗಲ್ ದಾಟಿ ನೆಲಮಂಗಲದಲ್ಲಿ ಟ್ರಾಫಿಕ್‌ಗೆ ಸಿಕ್ಕಿ, ಟೋಕನ್ ಹೊತ್ತು ಮೀರಿ, ಮಧ್ಯಾಹ್ನದವರೆಗೆ ಬೆಂಚಿನ ಮೇಲೆ. ಒಳಗೆ ಸಿಕ್ಕಿದ್ದು ಸ್ವಲ್ಪವೇ ಹೊತ್ತು. ಆದರೂ ಹೋಗಿದ್ದು ಒಳ್ಳೆಯದಾಯಿತು. ಆ ಮೂಳೆ ಡಾಕ್ಟರ್ ಎಲ್ಲ ಕಾಗದವನ್ನೂ ದಿನಾಂಕದ ಪ್ರಕಾರ ಜೋಡಿಸಿ ಓದಿದರು. ಟಿ ಕೋಶಗಳನ್ನು ಲ್ಯಾಬಿನಲ್ಲಿ ಲೋಹದ ಜೊತೆ ಬೆಳೆಸಿ ನೋಡುವ ರಕ್ತ ಪರೀಕ್ಷೆಯೊಂದಿದೆ ಅಂತ ಓದಿದ್ದೆ. ಅದನ್ನು ಕೇಳಿದೆ. "ಬೇಡಮ್ಮ, ದುಡ್ಡು ದಂಡ. ನಿಮ್ಮ ಮೂಳೆ ಕೂಡಿದೆ. ಪ್ಲೇಟಿನ ಕೆಲಸ ಮುಗಿದಿದೆ. ತೆಗೆದುಬಿಡಿ, ಅದೇ ಟೆಸ್ಟು, ಅದೇ ಔಷಧಿ" ಅಂದರು. ಮೂಳೆ ಇನ್ನೂ ಕೂಡದವರಿಗೆ ಈ ಮಾತು ಅನ್ವಯಿಸುವುದಿಲ್ಲ. ಅವರು ಮುಲಾಮಿನಲ್ಲಿ ತುರಿಕೆಯನ್ನು ಹಿಡಿತದಲ್ಲಿಟ್ಟುಕೊಂಡು ಮೂಳೆ ಕೂಡುವವರೆಗೆ ಕಾಯಬೇಕು, ಇಲ್ಲವೇ ಟೈಟಾನಿಯಂಗೆ ಬದಲಿಸಬೇಕು.

ಆಪರೇಷನ್ ಹಾಸನದಲ್ಲೇ ಮಾಡಿಸೋಣ ಅಂತ ನಿಶ್ಚಯಿಸಿದೆವು. ಆಗ ಇನ್ಶೂರೆನ್ಸಿನವರ ಸರದಿ. ಪ್ಲೇಟ್ ತೆಗೆಯುವುದು ಅಗತ್ಯವೋ, ಬರಿ ಅಂದಕ್ಕೋ ಅಂತ ಪ್ರಶ್ನೆ ಹಾಕಿ ಮಂಜೂರಾತಿ ತಡೆದರು. ಮೂಳೆ ಡಾಕ್ಟರಿಂದ ಒಂದು ಪತ್ರ, ಚರ್ಮದ ಡಾಕ್ಟರಿಂದ ಒಂದು ಪತ್ರ, ಪ್ಯಾಚ್ ಟೆಸ್ಟ್ ರಿಪೋರ್ಟ್, ಕಲ್ಚರ್ ರಿಪೋರ್ಟ್, ಹಳೇ ಡಿಸ್ಚಾರ್ಜ್ ಸಮ್ಮರಿ, ಆ ಸ್ಟಿಕ್ಕರ್, ಮೂಳೆ ಕೂಡಿದ ಎಕ್ಸ್‌ರೇ, ಚರ್ಮದ ಫೋಟೋಗಳು. ಎಲ್ಲ ಕಳಿಸಿದ ಮೇಲೆ ಒಪ್ಪಿದರು. ಪತ್ರದಲ್ಲಿ "ವೈದ್ಯಕೀಯವಾಗಿ ಅಗತ್ಯ" ಅನ್ನೋ ಮಾತು ಬರೆಸಿ. ಎಷ್ಟೋ ಪಾಲಿಸಿಗಳಲ್ಲಿ ಅಡ್ಮಿಟ್ ಆಗುವ ಮುಂಚಿನ 30 ದಿನ, ಬಿಡುಗಡೆಯಾದ ಮೇಲಿನ 60 ದಿನದ ಖರ್ಚು ಸಿಗುತ್ತದೆ. ಟೆಸ್ಟುಗಳನ್ನು ಆ ಲೆಕ್ಕ ನೋಡಿಕೊಂಡು ಮಾಡಿಸಿದರೆ ಒಳ್ಳೆಯದು. ನನ್ನ ಪ್ಯಾಚ್ ಟೆಸ್ಟ್ ಅದಕ್ಕಿಂತ ಹಳೆಯದಾಗಿದ್ದರಿಂದ ಆ ದುಡ್ಡು ಕೈಯಿಂದಲೇ ಹೋಯಿತು. ಇನ್ಶೂರೆನ್ಸ್ ಇಲ್ಲದವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ನಿಮ್ಮ ಚಿಕಿತ್ಸೆ ಬರುತ್ತಾ ಅಂತ ಜಿಲ್ಲಾಸ್ಪತ್ರೆಯಲ್ಲೇ ಮೊದಲು ವಿಚಾರಿಸಿ. ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸಾಮಾನ್ಯವಾಗಿ ಅಲ್ಲಿಂದ ಶಿಫಾರಸು ಪತ್ರ ಬೇಕಾಗುತ್ತದೆ.

ಆಪರೇಷನ್ ದಿನ ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರು, ಎಚ್ಚರವಾಗೇ ಇದ್ದೆ. ಸಲೀಸಾಗಿ ಮುಗಿಯುತ್ತೆ ಅಂದಿದ್ದರು. ಒಂದು ಸ್ಕ್ರೂವಿನ ತಲೆ ಸವೆದು ಸ್ಕ್ರೂಡ್ರೈವರ್ ಹಿಡಿಯಲಿಲ್ಲ. ಬೇರೆ ಸಲಕರಣೆ ತರಿಸಿ ತೆಗೆದರು. ಪರದೆಯ ಆಚೆ ಆ ಸದ್ದು ಕೇಳುತ್ತಾ ಮಲಗಿದ್ದು ನನಗೆ ಕಷ್ಟದ ಹೊತ್ತು. ಮುರಿದ ಸ್ಕ್ರೂ ತೆಗೆಯುವ ಸೆಟ್ ಇದೆಯಾ ಅಂತ ಮುಂಚೆಯೇ ಕೇಳಿ. ಟೈಟಾನಿಯಂ ಪ್ಲೇಟ್ ತೆಗೆಸುವವರು ಇನ್ನೂ ಜಾಸ್ತಿ ವಿಚಾರಿಸಬೇಕು. ಮೂಳೆ ಅದಕ್ಕೆ ಚೆನ್ನಾಗಿ ಬೆಸೆದುಕೊಳ್ಳುವುದರಿಂದ, ಲಾಕ್ ಆಗುವ ಸ್ಕ್ರೂಗಳು ಪ್ಲೇಟಿಗೇ ಕಚ್ಚಿಕೊಳ್ಳುವುದರಿಂದ ತೆಗೆಯುವುದು ಸ್ಟೀಲಿಗಿಂತ ಕಷ್ಟ.

ನಾನು ಮುಂಚೆಯೇ ಕೇಳಿಕೊಂಡಿದ್ದರಿಂದ ಪ್ಲೇಟನ್ನು ತೊಳೆದು ಡಬ್ಬಿಯಲ್ಲಿ ಕೊಟ್ಟರು. ಬೆರಳುದ್ದದ ತೆಳು ಪಟ್ಟಿ. ಹೊರಗಿನ ಮೈ ಹೊಳೆಯುತ್ತಿದೆ. ಸ್ಕ್ರೂ ಕೂತಿದ್ದ ತೂತುಗಳಲ್ಲಿ ಎರಡರ ಅಂಚಿನಲ್ಲಿ ಕಂದು ಬಣ್ಣದ ಉಂಗುರ. ಭೂತಗನ್ನಡಿಯಲ್ಲಿ ನೋಡಿದರೆ ಸಣ್ಣ ಸಣ್ಣ ಗುಳಿ ಕಾಣುತ್ತವೆ. ಪ್ಲೇಟಿನ ಸುತ್ತಲಿನ ಪೊರೆಯನ್ನು ಬೇರೆ ಬೇರೆ ಕಡೆಯಿಂದ ತೆಗೆದು ಕಲ್ಚರ್‌ಗೂ ಬಯಾಪ್ಸಿಗೂ ಕಳಿಸಿದ್ದರು. ಕಲ್ಚರ್ ಮತ್ತೆ ನೆಗೆಟಿವ್. ಬಯಾಪ್ಸಿಯಲ್ಲಿ ರಕ್ತನಾಳಗಳ ಸುತ್ತ ಲಿಂಫೋಸೈಟುಗಳ ಗುಂಪು, ಮ್ಯಾಕ್ರೋಫೇಜುಗಳು. ಇನ್‌ಫೆಕ್ಷನ್ ಇದ್ದರೆ ಎದ್ದು ಕಾಣುವ ನ್ಯೂಟ್ರೋಫಿಲ್ ಅನ್ನೋ ಕಣಗಳು ಇಲ್ಲ. ಟಿ ಕೋಶಗಳೂ ಲಿಂಫೋಸೈಟುಗಳೇ. ಈ ರಿಪೋರ್ಟ್ ಓದಿದಾಗ ಕಣ್ಣಲ್ಲಿ ನೀರು ಬಂತು.

ತುರಿಕೆ ಮೊದಲ ವಾರದಲ್ಲೇ ಕಡಿಮೆಯಾಯಿತು. ಕೆಂಪು ಇಳಿಯೋಕೆ ಇನ್ನೂ ಕೆಲವು ವಾರ ಬೇಕಾಯಿತು. ಈಗ ಕಪ್ಪು ಕಲೆ ಮಾತ್ರ ಇದೆ. ಸ್ಕ್ರೂ ಇದ್ದ ತೂತುಗಳು ತುಂಬಿಕೊಳ್ಳುವವರೆಗೆ ಮೂಳೆ ಆ ಜಾಗದಲ್ಲಿ ಬಲ ಕಡಿಮೆ ಇರುತ್ತದೆ. ನಡೆಯಬಹುದು, ಹಾರುವುದು, ಓಡುವುದು, ಭಾರ ಹೊತ್ತು ಮೆಟ್ಟಿಲು ಹತ್ತುವುದು ಕೆಲವು ತಿಂಗಳು ಬೇಡ ಅಂದಿದ್ದಾರೆ. ಸ್ಕೂಟರನ್ನೂ ಸದ್ಯಕ್ಕೆ ಮುಟ್ಟುತ್ತಿಲ್ಲ, ಬಸ್ಸಿನಲ್ಲೇ ಓಡಾಟ. ಎಲ್ಲ ಸೇರಿ ಐವತ್ತು ಸಾವಿರದ ಮೇಲಾಯಿತು, ಅದರಲ್ಲಿ ಹೆಚ್ಚಿನದನ್ನು ಇನ್ಶೂರೆನ್ಸಿನವರು ಕೊಟ್ಟರು. ನನ್ನ ಎಲ್ಲ ಆಸ್ಪತ್ರೆ ಕಾಗದದ ಮೇಲೂ ಈಗ ನಿಕ್ಕಲ್ ಅಲರ್ಜಿ ಅಂತ ಕೆಂಪು ಶಾಯಿಯಲ್ಲಿ ಬರೆಸಿದ್ದೇನೆ.

ಮಂಡಿ ಬದಲಿಸಿಕೊಳ್ಳುವವರಿಗೂ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಬೇಲೂರಿನ ನಮ್ಮ ಚಿಕ್ಕಮ್ಮ ನನ್ನ ಕಥೆ ಕೇಳಿ ಹೆದರಿಕೊಂಡಿದ್ದರು. ಮಾಮೂಲಿ ಕೃತಕ ಮಂಡಿ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹದ್ದು. ಅದರಲ್ಲಿ ನಿಕ್ಕಲ್ ತೀರಾ ಕಡಿಮೆ, ನೂರಕ್ಕೆ 1 ಪಾಲಿನೊಳಗೆ. ನಿಕ್ಕಲ್, ಕೋಬಾಲ್ಟ್ ಜೋರಾಗಿ ಆಗಿಬರದವರಿಗೆ ಟೈಟಾನಿಯಂ ಅಥವಾ ಆಕ್ಸಿಡೈಸ್ಡ್ ಜಿರ್ಕೋನಿಯಂ ಮಂಡಿ ಇದೆ. ಕೇಂದ್ರ ಸರ್ಕಾರ 2017ರ ಆಗಸ್ಟಿನಲ್ಲಿ ಮಂಡಿಗಳಿಗೆ ಬೆಲೆ ಮಿತಿ ಹಾಕಿತು. ಆಗ ಕೋಬಾಲ್ಟ್-ಕ್ರೋಮಿಯಂಗೆ 54,720 ರೂಪಾಯಿ, ವಿಶೇಷ ಲೋಹದ್ದಕ್ಕೆ 76,600 ರೂಪಾಯಿ, ಮೇಲೆ ಜಿಎಸ್‌ಟಿ. ಈಗಿನ ದರ ಎಷ್ಟು ಅಂತ ಆಸ್ಪತ್ರೆಯಲ್ಲಿ ಬರೆದುಕೊಡಿ ಅಂತ ಕೇಳಿ. ಮಂಡಿಯಲ್ಲಿ ವರ್ಷಗಳ ಮೇಲೆ ಬರುವ ತೊಂದರೆಗೆ ಹೆಚ್ಚಾಗಿ ಅಲರ್ಜಿ ಕಾರಣ ಅಲ್ಲ. ಕೃತಕ ಮಂಡಿಯ ಪ್ಲಾಸ್ಟಿಕ್ ಭಾಗ ಸವೆದು ಉದುರಿದ ಕಣಗಳನ್ನು ಮ್ಯಾಕ್ರೋಫೇಜುಗಳು ನುಂಗಿ, ಕರಗಿಸಲಾಗದೆ, ಮೂಳೆ ಕರಗಿಸುವ ಕೋಶಗಳನ್ನು ಎಬ್ಬಿಸುತ್ತವೆ. ಮೂಳೆ ಸವೆದು ಇಂಪ್ಲಾಂಟ್ ಸಡಿಲ ಆಗುವುದು ಹೀಗೆ.

ಚಿಕ್ಕಮ್ಮನನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ ಓಲೆ, ವಾಚು, ಬಳೆ ಎಲ್ಲದರ ಬಗ್ಗೆ ಹೇಳಿದೆವು. ಅವರಿಗೆ ಯಾವುದರಿಂದಲೂ ಯಾವತ್ತೂ ಏನೂ ಆಗಿಲ್ಲ. ಹಾಗಿದ್ದರೆ ಪ್ಯಾಚ್ ಟೆಸ್ಟೂ ಬೇಡ, ವಿಶೇಷ ಲೋಹವೂ ಬೇಡ ಅಂದರು. ಸಂಕ್ರಾಂತಿ ಕಳೆದ ಮೇಲೆ ಮಾಮೂಲಿ ಮಂಡಿಯನ್ನೇ ಹಾಕಿಸಿಕೊಳ್ಳುತ್ತಿದ್ದಾರೆ.